ಒಣಗದ ಹೊಸ್ತಿಲು

ನಮ್ಮ ಮನೆಯ ಹೊಸ್ತಿಲನ್ನು ಕೊಳೆಸಿದವಳು ನಾನೇ. ಇಪ್ಪತ್ಮೂರು ವರ್ಷ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಅದರ ಮೇಲೆ ಒಂದು ಬಿಂದಿಗೆ ನೀರು ಹೊಯ್ದಿದ್ದೇನೆ, ತೆಂಗಿನ ನಾರಿನಿಂದ ಉಜ್ಜಿದ್ದೇನೆ, ಅರಿಶಿನ ಸವರಿ ಕುಂಕುಮದ ಬೊಟ್ಟು ಇಟ್ಟಿದ್ದೇನೆ. ಮಂಗಳವಾರ, ಶುಕ್ರವಾರ ಎರಡು ಬಿಂದಿಗೆ. ಚಳ್ಳಕೆರೆಯಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುತ್ತಿದ್ದ ಕಾಲದಲ್ಲೂ ಕುಡಿಯುವ ನೀರಿನಲ್ಲಿ ಉಳಿಸಿ ಹೊಸ್ತಿಲಿಗೆ ಹೊಯ್ದವಳು ನಾನು. ಹಿರಿಸೊಸೆಯಾಗಿ ಮನೆ ತುಂಬಿದ ಮಾರನೆಯ ಬೆಳಿಗ್ಗೆ ಅತ್ತೆ ಅರಿಶಿನದ ಬಟ್ಟಲನ್ನು ಕೈಗೆ ಕೊಟ್ಟು, "ಇದು ನಿಂದು ಕಣವ್ವ" ಅಂದಿದ್ದರು. ಈ ಮನೆಯಲ್ಲಿ ಇದು ನಿನ್ನದು ಅಂತ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೊಂದನ್ನೇ. ನಾನು ಹೊರಗಾದ ದಿನಗಳಲ್ಲಿ ಅತ್ತೆಯೇ ಸೊಂಟ ಹಿಡಿದುಕೊಂಡು ಆ ಕೆಲಸ ಮಾಡುತ್ತಿದ್ದರೇ ಹೊರತು ಇನ್ನೊಬ್ಬರ ಕೈಗೆ ಬಿಡುತ್ತಿರಲಿಲ್ಲ.

ಇನ್ನೊಬ್ಬರು ಅಂದರೆ ನನ್ನ ವಾರಗಿತ್ತಿ. ಮೈದುನನ ಹೆಂಡತಿ, ಮೊಳಕಾಲ್ಮೂರು ಕಡೆಯ ಹುಡುಗಿ, ಮದುವೆಯಾಗಿ ಬಂದು ಆರು ವರ್ಷ. ಐ.ಟಿ.ಐ.ನಲ್ಲಿ ಫಿಟ್ಟರ್ ಕಲಿತವಳು. ಕುದಾಪುರದ ಕಡೆ ಎದ್ದಿರುವ ದೊಡ್ಡ ದೊಡ್ಡ ಕ್ಯಾಂಪಸ್‌ಗಳಲ್ಲಿ ಒಂದರ ಮೇಂಟೆನೆನ್ಸ್ ವಿಭಾಗದಲ್ಲಿ ಕೆಲಸ. ಏಳೂವರೆಗೆ ಓಣಿಯ ತಿರುವಿಗೆ ವ್ಯಾನು ಬರುತ್ತದೆ. ಇವಳು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಅತ್ತೆ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಡುತ್ತಾಳೆ. ಅತ್ತೆ ನನಗೆ ಒಂದು ದಿನವೂ ಡಬ್ಬಿ ಕಟ್ಟಿದವರಲ್ಲ. ನಾನೆಲ್ಲಿಗೆ ಹೋಗುತ್ತಿದ್ದೆ, ಡಬ್ಬಿ ಕಟ್ಟಲಿಕ್ಕೆ? ಅದೂ ನಿಜವೇ. ಆದರೂ ಆ ಡಬ್ಬಿಯ ಮುಚ್ಚಳ ಟಕ್ ಅಂದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಏನೋ ಟಕ್ ಅನ್ನುತ್ತಿತ್ತು. ಅವಳು ತವರಿಗೆ ಫೋನ್ ಮಾಡಿ ತೆಲುಗಿನಲ್ಲಿ ಮಾತಾಡುವಾಗ ನನ್ನ ಬಗ್ಗೆಯೇ ಆಡುತ್ತಿದ್ದಾಳೆ ಅಂತ ನನಗೆ ಖಾತ್ರಿ. ಸುತ್ತಿ ಬಳಸಿ ಹೇಳುವುದೇಕೆ, ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು.

ಹೋದ ಚಳಿಗಾಲದಲ್ಲಿ ಕುಬಸ ಮುಗಿಸಿ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆದುಕೊಂಡು ಬಂದೆವು. ಬಂದ ಮೂರನೆಯ ದಿನವೇ ಅವಳು ಹೊಸ್ತಿಲು ದಾಟುವಾಗ ಸೆರಗಿನ ತುದಿ ಸಿಕ್ಕಿ ಮುಗ್ಗರಿಸಿದಳು. ಬಾಗಿಲಿಗೆ ಕೈ ಆನಿಸಿಕೊಂಡಿದ್ದಕ್ಕೆ ಉಳಿದಳು. ನೋಡಿದರೆ ಹೊಸ್ತಿಲ ಎಡಗಡೆ, ಚೌಕಟ್ಟಿನ ಕಾಲು ಕೂರುವ ಜಾಗದಲ್ಲಿ, ಅರಿಶಿನದ ಪದರದ ಅಡಿಯಲ್ಲಿ ಮರವೇ ಇರಲಿಲ್ಲ. ಬೆರಳು ಒತ್ತಿದರೆ ನೆನೆದ ಹಿಂಡಿಯ ಹಾಗೆ ಒಳಕ್ಕೆ ಹೋಗುತ್ತಿತ್ತು.

ಬಡಗಿಯನ್ನು ಕರೆಸಿದೆವು. ಅವರು ಕುಕ್ಕರಗಾಲಲ್ಲಿ ಕೂತು ಉಳಿಯಿಂದ ಚುಚ್ಚಿ ಚುಚ್ಚಿ ನೋಡಿದರು.

"ಗೆದ್ಲು ಅಲ್ಲ ಕಣ್ರಮ್ಮ ಇದು. ಗೆದ್ಲಾಗಿದ್ರೆ ಮಣ್ಣು ಇರ್ತಿತ್ತು. ಇದು ನೀರು. ಯಾರೋ ದಿನಾ ಹೊಯ್ದು ಹೊಯ್ದು ಮೆತ್ತಗೆ ಮಾಡಿಟ್ಟವ್ರೆ. ಪೂರ್ತಿ ಕಿತ್ತು ಬ್ಯಾರೆ ಮರ ಕೂರಿಸ್ಬೇಕು."

ಯಾರೋ ಅಂತೆ! ಪಕ್ಕದಲ್ಲೇ ನಿಂತಿದ್ದೇನೆ. ಅತ್ತೆ ನನ್ನ ಕಡೆ ನೋಡಲಿಲ್ಲ. "ಬಸುರಿ ಇರೋ ಮನ್ಯಾಗೆ ಹೊಸ್ಲು ಕೀಳ್ತಾರೇನ್ರಿ? ಆಗಲ್ಲ. ಬಾಣಂತನ ಮುಗೀಲಿ" ಅಂದರು. ನಮ್ಮ ಕಡೆ ಹಾಗೆಯೇ. ಮನೆಯಲ್ಲಿ ಬಸುರಿ ಇದ್ದರೆ ಗೋಡೆ ಒಡೆಯುವುದಿಲ್ಲ, ಬಾಗಿಲು ಬಿಚ್ಚುವುದಿಲ್ಲ, ಹೊಸ್ತಿಲು ಕೀಳುವ ಮಾತಂತೂ ಎತ್ತುವುದೇ ಇಲ್ಲ. ಹಾಗಂತ ಏಳು ತಿಂಗಳ ಬಸುರಿ ಆ ಗುಂಡಿಯ ಪಕ್ಕ ದಿನಾ ಓಡಾಡಬೇಕೇ? ಬಡಗಿ ಉಳಿ ಎತ್ತಿಕೊಂಡು ಹೊರಟುಹೋದರು.

ಸಂಜೆ ವಾರಗಿತ್ತಿ ಬಂದವಳು ಚಪ್ಪಲಿಯನ್ನೂ ಬಿಡದೆ ಮೊಬೈಲ್ ಬೆಳಕು ಬಿಟ್ಟು ಒಳಗೆಲ್ಲ ನೋಡಿದಳು.

"ಕೀಳೋದೇ ಬ್ಯಾಡ ಅತ್ತೆ. ಕೊಳೆತಿದ್ದಷ್ಟೇ ತೆಗೆದು ಎಪಾಕ್ಸಿ ಅಂಟು ತುಂಬಿದ್ರೆ ಕಲ್ಲಾಗ್ತದೆ. ನಮ್ಮ ಕ್ಯಾಂಪಸ್‌ನಾಗೆ ಕಿಟಕಿ ಚೌಕಟ್ಟಿಗೆಲ್ಲ ಇದನ್ನೇ ಮಾಡಿದ್ವಿ. ಮರ ಅಲ್ಲಾಡಿಸೋ ಹಂಗೇ ಇಲ್ಲ."

ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು. ಮಗಳು ಬೇರೆ, "ಚಿಕ್ಕವ್ವಂಗೆ ಎಲ್ಲಾ ಗೊತ್ತು" ಅಂದಳು. ಹೆತ್ತವಳು ನಾನು, ಎಲ್ಲಾ ಗೊತ್ತಿರುವುದು ಚಿಕ್ಕವ್ವನಿಗೆ.

ಭಾನುವಾರ ಮಧ್ಯಾಹ್ನ ಕೆಲಸ ಶುರುವಾಯಿತು. ಅವಳು ಹಳೆಯ ಸ್ಕ್ರೂಡ್ರೈವರ್ ಹಿಡಿದು, ಕೈಗೆ ನೀಲಿ ಗ್ಲೌಸು ಹಾಕಿ ಕೊಳೆತದ್ದನ್ನೆಲ್ಲ ಕೆರೆದು ತೆಗೆದಳು. ಒಂದು ಮೊರ ತುಂಬ ಬಂತು. ಕಪ್ಪಗೆ, ಅಲ್ಲಲ್ಲಿ ಹಳದಿ. ಆ ಹಳದಿಯೆಲ್ಲ ನನ್ನ ಅರಿಶಿನ. ಓಣಿಯ ಹೆಂಗಸರು ನಿಂತು ನೋಡುವವರೇ. ಮೊರವನ್ನು ತಿಪ್ಪೆಗೆ ಚೆಲ್ಲಿ ಬರಲು ಅತ್ತೆ ನನಗೆ ಹೇಳಿದರು. ಚೆಲ್ಲಿ ಬಂದೆ.

ಒಳಗೆ ಗಟ್ಟಿ ಮರ ಸಿಕ್ಕಿದ ಮೇಲೆ ಅದು ಚೆನ್ನಾಗಿ ಒಣಗಬೇಕು, ಹಸಿ ಇದ್ದರೆ ಎಪಾಕ್ಸಿ ಹಿಡಿಯುವುದಿಲ್ಲ ಅಂದಳು. ಟೇಬಲ್ ಫ್ಯಾನ್ ಹಚ್ಚಿ ಹೊಸ್ತಿಲಿಗೆ ತಿರುಗಿಸಿಟ್ಟಳು. ಮೂರು ದಿನ ನೀರು ಬಂದ್. ಮಂಗಳವಾರವೂ ನಾನು ಅಂಗಳಕ್ಕಷ್ಟೇ ನೀರು ಹಾಕಿ, ಅಂಗಳದಲ್ಲೇ ರಂಗೋಲಿ ಎಳೆದು ಒಳಗೆ ಬಂದೆ. ಕೈ ಕಟ್ಟಿಹಾಕಿದಂತಾಗಿತ್ತು. ಬುಧವಾರ ತುಂಬಿಬಿಟ್ಟರೆ ಶುಕ್ರವಾರಕ್ಕೆ ಹೊಸ್ತಿಲು ಸಿಗುತ್ತದೆ ಅಂತ ಬೆರಳು ಮಡಿಸಿ ಎಣಿಸಿಕೊಂಡು ಸುಮ್ಮನಿದ್ದೆ.

ಬುಧವಾರ ಸಂಜೆ ಮಗಳನ್ನು ವಾಸನೆ ತಾಕದ ಹಾಗೆ ಹಿಂದಿನ ಕೋಣೆಯಲ್ಲಿ ಕೂರಿಸಿ, ವಾರಗಿತ್ತಿ ಮೊದಲು ನೀರಿನಂಥ ತೆಳು ಎಪಾಕ್ಸಿಯನ್ನು ಬ್ರಶ್ಶಿನಿಂದ ಒಳಮರಕ್ಕೆಲ್ಲ ಕುಡಿಸಿದಳು. ಆಮೇಲೆ ಗಟ್ಟಿಯದು. ಅದು ಎರಡು ಡಬ್ಬಿ, ಎರಡರಿಂದಲೂ ಸಮಸಮ ತೆಗೆದು ಕಲಸಬೇಕು, ಮೇಲೆ ಸ್ವಲ್ಪ ಮರದ ಹೊಟ್ಟು. ಅವಳು ಚಮಚದಲ್ಲಿ ಅಳೆದು ಅಳೆದು ತೆಗೆಯುತ್ತಿದ್ದುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಇಡೀ ಜೀವಮಾನ ಹಿಟ್ಟು ಕಲಸಿದವಳು ನಾನು. ಅವಳು ಪೇಪರ್ ಟೇಪ್ ತರಲು ಒಳಗೆ ಹೋದಾಗ ಎರಡೂ ಡಬ್ಬಿಯನ್ನು ನನ್ನ ಸ್ಟೀಲ್ ಬೋಗುಣಿಗೆ ಬಗ್ಗಿಸಿ, ಹೊಟ್ಟು ಸುರಿದು, ಮುದ್ದೆ ಕೂಡಿಸುವ ಕೋಲಿನಿಂದ ಗಂಟಿಲ್ಲದ ಹಾಗೆ ತಿರುವಿದೆ. ಎಷ್ಟು ಚೆನ್ನಾಗಿ ಕೂಡಿ ಬಂತು ಅಂದರೆ, ನೋಡಲಿ ಇವಳು, ಹಿರಿಯರ ಕೈ ಅಂದರೆ ಏನು ಅಂತ, ಅಂದುಕೊಂಡೆ.

ಅಷ್ಟರಲ್ಲಿ ಬೋಗುಣಿ ಬಿಸಿಯಾಯಿತು. ಒಲೆಯ ಮೇಲಿಲ್ಲದ ಪಾತ್ರೆ ತೊಡೆಯ ಮೇಲೆ ಕಾಯತೊಡಗಿದರೆ ಮನುಷ್ಯರು ಏನು ಮಾಡಬೇಕು? ಕೆಳಗಿಟ್ಟೆ. ಸಣ್ಣಗೆ ಹೊಗೆ ಎದ್ದಿತು. ಅವಳು ಓಡಿಬಂದು, "ಅಯ್ಯೋ ಅಕ್ಕಾ, ಎಲ್ಲಾ ಒಟ್ಟಿಗೇ ಕಲಸ್ಬಾರ್ದು ಕಣ್ರಿ! ರಾಶಿ ಹಾಕಿದ್ರೆ ಅದೇ ಕಾದುಬಿಡ್ತದೆ, ಕೂತುಬಿಡ್ತದೆ" ಅಂತ ಬೋಗುಣಿಯನ್ನು ಅಂಗಳಕ್ಕೆ ತಳ್ಳಿದಳು. ಕೋಲು ನಡುವೆ ನೆಟ್ಟಗೆ ನಿಂತುಬಿಟ್ಟಿತ್ತು. ಎಳೆದರೆ ಬೋಗುಣಿಯೇ ಮೇಲೇಳುತ್ತಿತ್ತು. ಅತ್ತೆ ನಕ್ಕರು. ಬಾಯಿಗೆ ಸೆರಗು ಹಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ವಾರಗಿತ್ತಿ ನಗಲಿಲ್ಲ. "ಏಂ ಕಾದು ಲೇ ಅಕ್ಕ, ನಾಳೆ ಬರ್ತಾ ಬ್ಯಾರೆ ತರ್ತೀನಿ" ಅಂದಳು. ಏಂ ಕಾದು ಅಂದರೆ ಏನೂ ಆಗಲ್ಲ ಅಂತ. ಅಷ್ಟು ತೆಲುಗು ನನಗೂ ಗೊತ್ತು. ಅವಳು ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೀಗಾಗಿ ಬುಧವಾರ ಮುಗಿಯಬೇಕಿದ್ದದ್ದು ಗುರುವಾರಕ್ಕೆ ಬಿತ್ತು. ಅವಳು ಕೆಲಸದಿಂದ ಬರುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸ ಡಬ್ಬಿ ಹಿಡಿದು ತಂದು, ಏಳು ಗಂಟೆಯ ಹೊತ್ತಿಗೆ ತುಂಬಿ ಮುಗಿಸಿದಳು. ಚಾಕುವಿನಿಂದ ಸವರಿ ಸವರಿ ಹಳೆಯ ಹೊಸ್ತಿಲಿನ ಅಂಚಿಗೆ ಸರಿಯಾಗಿ ಕೂರಿಸಿದಳು. ಚೆನ್ನಾಗಿತ್ತು. ಒಪ್ಪಿಕೊಳ್ಳಲು ಎಷ್ಟೇ ಕಷ್ಟವಾದರೂ ಚೆನ್ನಾಗಿತ್ತು. ಎದ್ದು ನಿಂತು ನನಗೆ ಹೇಳಿದಳು, "ಚಳಿ ಅಲ್ವಾ ಅಕ್ಕ, ನಿಧಾನ ಕೂರ್ತದೆ. ಶನಿವಾರ ಬೆಳಿಗ್ಗೆ ತನಕ ನೀರು ಮುಟ್ಟಿಸ್ಬ್ಯಾಡ್ರಿ."

"ನಾಳೆ ಶುಕ್ರವಾರ" ಅಂದೆ.

ಅತ್ತೆ ಒಳಗಿನಿಂದ ಹೇಳಿದರು: "ಒಂದು ಶುಕ್ರವಾರ ತಾನೇ, ಇರ್ಲಿ ಬಿಡು. ಪಾಪ, ಅಷ್ಟು ಕಷ್ಟಬಿದ್ದು ಮಾಡವ್ಳೆ."

ಒಂದು ಶುಕ್ರವಾರ ತಾನೇ! ನನಗೆ ಚಿಕೂನ್‌ಗುನ್ಯಾ ಬಂದು ಕೀಲುಕೀಲೂ ಹಿಡಿದುಕೊಂಡಿದ್ದ ವಾರ, ಗೋಡೆ ಹಿಡಿಯದೆ ನಿಲ್ಲಲಾಗದಿದ್ದಾಗ, ಇದೇ ಅತ್ತೆ ಹಾಸಿಗೆಯ ಪಕ್ಕ ಬಂದು, "ಶುಕ್ರವಾರ ಕಣವ್ವ, ಎದ್ದು ಎರಡು ಬೊಟ್ಟಾದ್ರೂ ಇಡು" ಅಂದಿದ್ದರು. ಎದ್ದಿದ್ದೆ. ನೆಲದ ಮೇಲೆ ಕೂತು ತೆವಳಿಕೊಂಡು ಹೋಗಿ ಇಟ್ಟಿದ್ದೆ. ನನ್ನ ಜ್ವರಕ್ಕೆ ಸಿಗದ ರಜೆ ಅವಳ ಅಂಟಿಗೆ ಸಿಕ್ಕಿತ್ತು.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಎಚ್ಚರವಾಯಿತು. ಅಭ್ಯಾಸಬಲ, ಮರೆತು ಹೋಗಿ ನೀರು ಹೊಯ್ದೆ ಅಂತ ಹೇಳಿದರೆ ನೀವು ನಂಬಬಹುದು. ಮರೆತಿರಲಿಲ್ಲ. ಬಿಂದಿಗೆಯ ಬದಲು ಚೊಂಬು ತೆಗೆದುಕೊಂಡೆ ಅಂದ ಮೇಲೆ ಮರೆತವಳಲ್ಲ ಎಂದೇ ಅರ್ಥ. ಚೊಂಬು ನೀರು ಹೊಯ್ದು, ಅರಿಶಿನದಲ್ಲಿ ಅಂಗೈ ಅದ್ದಿ, ಬಲದಿಂದ ಎಡಕ್ಕೆ ಜೋರಾಗಿ ಸವರಿದೆ.

ಹೊಸ ಜಾಗಕ್ಕೆ ಬರುತ್ತಲೇ ಕೈ ಸಿಕ್ಕಿಕೊಂಡಿತು. ಬೆಲ್ಲದ ಪಾಕದ ಹಾಗೆ ಎಳೆ ಎಳೆ. ಕಿತ್ತುಕೊಂಡರೆ ನಾಲ್ಕು ಬೆರಳಿನ ಅಚ್ಚು, ಅಂಗೈಯ ಗೀರುಗಳ ಸಮೇತ, ಹಳದಿ ಬಣ್ಣದಲ್ಲಿ ಅಲ್ಲೇ ಉಳಿಯಿತು. ಗಾಬರಿಯಿಂದ ಇನ್ನಷ್ಟು ನೀರು ಹೊಯ್ದು ನಾರಿನಿಂದ ಉಜ್ಜಿದೆ. ಮೇಲ್ಮೈ ಬೆಳ್ಳಗೆ ಮಂಕಾಯಿತು, ನಾರಿನ ಚೂರುಗಳು ಅಂಟಿ ನಿಂತವು, ಅಚ್ಚು ಮಾತ್ರ ಹೋಗಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಡುಗೆಮನೆಗೆ ಓಡಿ ಕಡಲೆಕಾಯಿ ಎಣ್ಣೆ ಹಚ್ಚಿ ಹಚ್ಚಿ ಕೈ ತಿಕ್ಕಿಕೊಂಡೆ. ಉಗುರಿನ ಸಂದಿಯದ್ದು ಬಿಡಲಿಲ್ಲ.

ಆರೂವರೆಗೆ ಅತ್ತೆಯ ಕೂಗು ಕೇಳಿತು. "ಏನೇ ಇದು? ಬಾ ಇಲ್ಲಿ, ನೋಡು ನಿನ್ನ ಕೆಲಸ!"

ಕೂಗಿದ್ದು ನನ್ನನ್ನಲ್ಲ, ಅವಳನ್ನು. ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಬಗ್ಗಿ ನೋಡಿದಳು. ನಾನು ರೊಟ್ಟಿ ತಟ್ಟುತ್ತಾ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆ. ಅತ್ತೆ ಬಿಡದೆ ಅಂದರು: "ಕಂಪನಿ ಕೆಲಸ ಮನೆಗೆ ನಡೆಯಲ್ಲ ಅಂತ ನನಗೆ ಮೊದ್ಲೇ ಗೊತ್ತಿತ್ತು. ಅರ್ಧಂಬರ್ಧ ಕಲ್ತು ಹೊಸ್ಲು ಹಾಳು ಮಾಡಿದ್ಯಲ್ಲೇ. ಲಕ್ಷ್ಮಿ ಬರೋ ಜಾಗ."

ಅವಳು ಅಚ್ಚನ್ನು ನೋಡಿದಳು. ಆಮೇಲೆ ತಲೆಯೆತ್ತಿ ನನ್ನ ಕೈ ನೋಡಿದಳು. ರೊಟ್ಟಿ ಹಿಟ್ಟಿನಲ್ಲಿದ್ದ ಕೈಯನ್ನು ನಾನು ಇನ್ನಷ್ಟು ಹಿಟ್ಟಿನೊಳಗೆ ತೂರಿಸಿದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ ಕಾದೆ.

"ಹೌದು ಅತ್ತೆ, ನಂದೇ ಅಳತೆ ತಪ್ತು" ಅಂದಳು. ಊಟದ ಡಬ್ಬಿಯನ್ನೂ ತೆಗೆದುಕೊಳ್ಳದೆ ವ್ಯಾನು ಹತ್ತಿದಳು.

ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಅತ್ತೆ ಅವಳಿಗೆ ಬೈದದ್ದನ್ನು ಆರು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಆ ದಿನ ಪಲ್ಯಕ್ಕೆ ಒಗ್ಗರಣೆ ಹಾಕುವಾಗ ಹಾಡು ಕೂಡ ಬಾಯಿಗೆ ಬಂದಿತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಅವಳು ಬಿಟ್ಟುಹೋದ ಡಬ್ಬಿ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡತೊಡಗಿತು. ಅವಳು ಯಾಕೆ ಹೇಳಲಿಲ್ಲ? ಅವಳ ಜಾಗದಲ್ಲಿ ನಾನಿದ್ದಿದ್ದರೆ ಓಣಿಗೆಲ್ಲ ಕೇಳುವಂತೆ ಕೂಗಿರುತ್ತಿದ್ದೆ. ಕೂಗದೆ ಇರುವುದೂ ಅವಳಿಗೆ ಬರುತ್ತದಲ್ಲ ಅಂತ ಅದಕ್ಕೂ ಹೊಟ್ಟೆ ಉರಿಯಿತು.

ಭಾನುವಾರ ಬೆಳಿಗ್ಗೆ ಅವಳು ಹೊಸ್ತಿಲ ಮುಂದೆ ಕೂತು ಉಪ್ಪುಕಾಗದದಿಂದ ಉಜ್ಜುತ್ತಿದ್ದಳು. ಅಷ್ಟೊತ್ತಿಗೆ ಎಪಾಕ್ಸಿ ಕಲ್ಲಾಗಿತ್ತು, ನನ್ನ ಬೆರಳುಗಳೂ ಅದರೊಳಗೆ ಕಲ್ಲಾಗಿದ್ದವು. ಹೋಗಿ ಎದುರು ಕೂತೆ.

"ನಾನೇ ಕಣೇ ಮಾಡಿದ್ದು" ಅಂದೆ.

"ಗೊತ್ತು ಅಕ್ಕ."

"ಮತ್ತೆ ಅತ್ತೆ ಮುಂದೆ ಯಾಕೆ ಹೇಳಲಿಲ್ಲ?"

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ಅತ್ತೆ ಸಿಟ್ಟಿಗೆ ನಿಮ್ಮ ಕೈಯಿಂದ ಅರಿಶಿನದ ಬಟ್ಟಲು ಕಿತ್ಕೊಂಡು ನಂಗೆ ಕೊಟ್ಬಿಡ್ತಿದ್ರು. ನಂಗೆ ಅದು ಬೇಕು ಅಕ್ಕ. ಬ್ಯಾಡ ಅಂತೇನಿಲ್ಲ. ಆರು ವರ್ಷ ಆಯ್ತು, ವ್ಯಾನು ಹತ್ತೋ ಮೊದ್ಲು ದಿನಾ ನೀವು ಬೊಟ್ಟಿಟ್ಟಿರೋದನ್ನ ದಾಟ್ಕಂಡು ಹೋಗ್ತೀನಿ, ಒಂದಿನಾನೂ ನೀನಿಡು ಅಂತ ಯಾರೂ ಅನ್ನಲಿಲ್ಲ. ಮನೇಲಿ ಬಾಡಿಗೆಗೆ ಇದ್ದಂಗೆ ಇದೀನಿ. ಎಪಾಕ್ಸಿ ಹಾಕೋ ನೆಪದಲ್ಲಾದ್ರೂ ಹೊಸ್ಲಿಗೆ ನನ್ನ ಕೈ ತಾಗ್ಲಿ ಅನ್ನಿಸ್ತು. ಆದ್ರೆ ಹಿಂಗೆ ಕಿತ್ಕೊಂಡಿದ್ದು ಬ್ಯಾಡ."

ನಾನು ಅವಳ ವ್ಯಾನಿಗೆ ಕರುಬುತ್ತಿದ್ದೆ, ಅವಳು ನನ್ನ ಬಟ್ಟಲಿಗೆ ಕರುಬುತ್ತಿದ್ದಳು. ನನ್ನಲ್ಲಿ ಕರುಬುವಂಥದ್ದು ಏನಾದರೂ ಇದೆ ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಇನ್ನೊಂದು ಉಪ್ಪುಕಾಗದ ತೆಗೆದುಕೊಂಡು ನಾನೂ ಉಜ್ಜಲು ಕೂತೆ. ಅಚ್ಚು ಸವೆಯಿತು, ಆದರೆ ಹಳದಿ ಸ್ವಲ್ಪ ಒಳಗೇ ಇಳಿದಿತ್ತು. ಮೇಲೆ ಒಂದು ತೆಳು ಪದರ ಕೊಟ್ಟು ಪೇಂಟ್ ಹೊಡೆದರೆ ಕಾಣುವುದಿಲ್ಲ ಅಂದಳು. ಆಮೇಲೆ ಬಿಂದಿಗೆ ಬೇಡ, ಚೊಂಬು ಸಾಕು, ಹಾಕಿದ ಮೇಲೆ ಬಟ್ಟೆಯಿಂದ ಒರೆಸಿಬಿಡಬೇಕು ಅಂತಲೂ ಅಂದಳು. ಆಯಿತು ಅಂದೆ.

ಮಧ್ಯಾಹ್ನ ಗಂಡಸರು ಒಂದು ಮದುವೆಗೆ ಹೋಗಿದ್ದರು. ಅತ್ತೆ, ಮಗಳು, ನಾವಿಬ್ಬರು ಊಟಕ್ಕೆ ಕೂತಿದ್ದೆವು. ಮುದ್ದೆ, ಅವರೆಕಾಳಿನ ಸಾರು. ಹೇಳಿಬಿಡಬೇಕು, ಆಮೇಲೆ ಬಟ್ಟಲು ಹೋದರೆ ಹೋಗಲಿ ಅಂತ ಗಟ್ಟಿ ಮಾಡಿಕೊಂಡು ಬಾಯಿ ಬಿಟ್ಟೆ.

"ಅತ್ತೆ, ಹೊಸ್ಲು ಹಾಳು ಮಾಡಿದ್ದು ಇವಳಲ್ಲ. ನಾನು. ಬೇಕಂತಲೇ ನೀರು ಹೊಯ್ದೆ."

ಮಗಳು ತುತ್ತು ಹಿಡಿದು ಹಾಗೇ ಕೂತಳು. ಅತ್ತೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ಆಮೇಲೆ ಅಂದರು: "ಗೊತ್ತು. ನೀನು ಬಾಗ್ಲು ತೆಗೆದಾಗ ನಾನು ಎಚ್ಚರಾನೇ ಇದ್ದೆ."

"ಗೊತ್ತಿದ್ದೂ ಇವಳಿಗ್ಯಾಕೆ ಬೈದ್ರಿ?"

"ಇನ್ಯಾರಿಗೆ ಬೈಲಿ? ನೀನು ಹಿರೇಸೊಸೆ. ಅವಳ ಮುಂದೆ ನಿನ್ನ ಬೈಯಾಕಾಗ್ತದಾ? ಅವಳು ನಿನ್ನೆ ಮೊನ್ನೆ ಬಂದಾಕಿ, ಅನ್ನಿಸ್ಕಂತಾಳೆ. ಉಣ್ಣು, ಆರ್ತದೆ."

ಇಪ್ಪತ್ಮೂರು ವರ್ಷ ನಾನು ಹರಕೆ ಹೊತ್ತವಳಂತೆ ಬಯಸಿದ್ದು ಇದನ್ನೇ. ಅತ್ತೆ ನನ್ನ ಪರ ನಿಲ್ಲಬೇಕು, ವಾರಗಿತ್ತಿ ಬಂದ ಮೇಲಂತೂ ನನ್ನನ್ನು ಅವಳಿಗಿಂತ ಒಂದು ಕೈ ಮೇಲೆ ಇಡಬೇಕು. ಇಟ್ಟಿದ್ದರು. ನನಗೆ ಗೊತ್ತಿಲ್ಲದೆ ಎಷ್ಟು ವರ್ಷದಿಂದ ಇಟ್ಟಿದ್ದರೋ. ಅವಳಿಗೆ ಸಿಕ್ಕಿದ್ದ ಡಬ್ಬಿ, ರಜೆ, ಪಾಪ ಅನ್ನುವ ಮಾತು, ಎಲ್ಲವೂ ಮನೆಗೆ ಬಂದ ನೆಂಟರಿಗೆ ಕೊಡುವ ಮರ್ಯಾದೆ. ನೆಂಟರನ್ನು ಬೇಕಾದಾಗ ದೂರಲೂಬಹುದು. ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಹೊರಳಿಸುತ್ತಾ ಕೂತೆ. ಪಕ್ಕದಲ್ಲಿ ಕೂತವಳ ಮುಖ ನೋಡುವ ಧೈರ್ಯ ಆಗಲಿಲ್ಲ.

"ಸಾರು ಹಾಕ್ಲಾ ಅಕ್ಕ?" ಅಂತ ಅವಳೇ ಕೇಳಿದಳು.

ಮುಂದಿನ ಶುಕ್ರವಾರ ಐದಕ್ಕೆ ಎದ್ದು ಅವಳ ಕೋಣೆಯ ಬಾಗಿಲು ತಟ್ಟಿದೆ. ಕೂದಲು ಗಂಟು ಕಟ್ಟಿಕೊಳ್ಳುತ್ತಾ ಬಂದಳು. ಅಂಗಳದಲ್ಲಿ ಚಳಿ, ಊರಿನ ಕಡಲೆಕಾಯಿ ಮಿಲ್ಲಿನ ಕಡೆಯಿಂದ ಎಣ್ಣೆಯ ವಾಸನೆ. ಪೇಂಟ್ ಒಣಗಿದ ಹೊಸ್ತಿಲಿಗೆ ಒಂದು ಚೊಂಬು ನೀರು ಹಾಕಿ ಒರೆಸಿಟ್ಟಿದ್ದೆ. ಅರಿಶಿನದ ಬಟ್ಟಲನ್ನು ಅವಳ ಕಡೆ ಚಾಚಿದೆ.

"ಅತ್ತೆ ಬೈತಾರೆ ಅಕ್ಕ."

"ಬೈಲಿ. ಅದಕ್ಕೇ ನಾನೂ ಇಲ್ಲೇ ಕೂತಿರ್ತೀನಿ."

ಅವಳು ಬಟ್ಟಲು ಹಿಡಿದಳು. ನನ್ನ ಬೆರಳು ಬಿಡಲಿಲ್ಲ. ಬಿಡಬೇಕು ಅಂತಲೇ ಎಬ್ಬಿಸಿ ಕರೆದಿದ್ದರೂ ಬಿಡಲಿಲ್ಲ. ಅವಳು ಎಳೆದುಕೊಳ್ಳದೆ ಸುಮ್ಮನೆ ಕಾದಳು. ಕೊನೆಗೆ ಬಿಟ್ಟೆ. ಸವರತೊಡಗಿದಳು. ಸೊಟ್ಟ ಸವರುತ್ತಿದ್ದಳು, ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ. ಅದನ್ನು ಕಂಡು ನನಗೆ ಸ್ವಲ್ಪ ಸಮಾಧಾನವಾಯಿತು, ದೇವರಾಣೆಗೂ.

ಒಳಗಿನಿಂದ ಅತ್ತೆ ಕೆಮ್ಮಿದರು. "ಯಾರೇ ಅದು ಹೊಸ್ಲಾಗೆ?"

ಅವಳ ಕೈ ನಿಂತಿತು. ನನ್ನನ್ನು ನೋಡಿದಳು.

"ಕಿರೀಸೊಸೆ ಅತ್ತೆ" ಅಂದೆ. ಹೊಟ್ಟೆ ಉರಿಯಿತು. ಆದರೂ ಎದುರು ಮನೆಗೂ ಕೇಳುವಷ್ಟು ಜೋರಾಗಿಯೇ ಅಂದೆ.